ವೇಷವೂ ಹಿಮ್ಮೇಳವೂ

(ವಸ್ತ್ರಾಪುರದಲ್ಲಿ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನನಗಿಂತ ಮುಂಚೆ ಮಾತನಾಡಿದವರು ಕುಮಾರವ್ಯಾಸನನ್ನು ಕುರಿತು ಹೇಳಿದರು, ಭವಿಷ್ಯನಿಧಿಯ ಅರ್ಜಿ ತುಂಬುವ ಕ್ರಮವನ್ನು ಹೇಳಿದರು, ಸಕ್ಕರೆ ಕಾಯಿಲೆಯವರು ಏನು ತಿನ್ನಬೇಕೆಂದು ಹೇಳಿದರು. ಮೂರೂ ಉಪಯೋಗದ ವಿಷಯಗಳೇ. ನನ್ನ ಸರದಿ ಬಂದಾಗ ಕಾರ್ಯದರ್ಶಿಗಳು, "ನಿನಗೆ ಏನು ಗೊತ್ತಿದೆಯೋ ಅದನ್ನೇ ಹೇಳು" ಎಂದರು. ಲೆಕ್ಕ ಬರೆಯುವುದೊಂದನ್ನು ಬಿಟ್ಟರೆ ನನಗೆ ಚೆನ್ನಾಗಿ ಗೊತ್ತಿರುವುದು ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತ ಮಾತ್ರ. ಕಾರ್ಯದರ್ಶಿಗಳ ಮುಖ ಸ್ವಲ್ಪ ಬಾಡಿತು. ಆದರೂ ಕೊಟ್ಟ ಮಾತನ್ನು ಅವರು ಹಿಂದೆಗೆದುಕೊಳ್ಳಲಿಲ್ಲ. ಆದಕಾರಣ ನೀವು ಇಂದು ಸಿಕ್ಕಿಬಿದ್ದಿದ್ದೀರಿ.

ಈ ಸಂಗೀತದ ಮಾತೆತ್ತಿದರೆ ಹಿರಿಯರು ಕೇಳುವ ಪ್ರಶ್ನೆ ಒಂದೇ. "ಆ ತಲೆಬುರುಡೆ, ಆ ಚರ್ಮದ ಅಂಗಿ, ಮುಖಕ್ಕೆ ಬಳಿದ ಆ ಬಿಳಿ ಬಣ್ಣ, ಇವೆಲ್ಲ ಏಕೆ? ಸಂಗೀತದಲ್ಲಿ ಸತ್ವವಿದ್ದರೆ ವೇಷ ಏಕೆ ಬೇಕು?" ಪ್ರಶ್ನೆ ನ್ಯಾಯವಾದುದೇ. ಉತ್ತರಕ್ಕೆ ಬದಲಾಗಿ ನಾನು ಇದಕ್ಕೆ ಬಿದ್ದ ಬಗೆಯನ್ನು ಮೊದಲು ಹೇಳುತ್ತೇನೆ.

ನಾನು ಅಹಮದಾಬಾದಿಗೆ ಬಂದದ್ದು 1998ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ. ಇಲ್ಲಿ ಕುಳಿತಿರುವ ಅನೇಕರಂತೆ ನಾನೂ ಕುಂದಾಪುರದ ಕಡೆಯವನು. ನಿಮ್ಮಲ್ಲಿ ಅನೇಕರಂತೆ ನನ್ನ ಮೊದಲ ಕೆಲಸವೂ ಬಂಧುಗಳ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ. ಆ ದಿನಗಳಲ್ಲಿ ಎಲಿಸ್ ಸೇತುವೆಯ ಕೆಳಗೆ, ಸಾಬರಮತಿಯ ಮರಳಿನ ಮೇಲೆ, ಭಾನುವಾರದ ಗುಜರಿ ಬಜಾರು ಸೇರುತ್ತಿತ್ತು. ಈಗ ಅದಕ್ಕೆ ನದೀತೀರದಲ್ಲಿ ಕಟ್ಟೆ, ಸಾಲು, ಗೇಟು ಎಲ್ಲ ಆಗಿವೆ. ಆಗ ಬರಿಯ ಮರಳು, ಮೇಲೆ ಗೋಣಿಚೀಲ. ಹಳೆಯ ಮಂಚ, ತುಕ್ಕು ಹಿಡಿದ ಸ್ಪಾನರು, ಯಾರದೋ ಪಠ್ಯಪುಸ್ತಕ, ಇವುಗಳ ನಡುವೆ ಒಂದು ಕ್ಯಾಸೆಟ್ಟು ಬಿದ್ದಿತ್ತು. ಅದರ ಮೇಲಿನ ಚಿತ್ರದಲ್ಲಿ ಕೆದರಿದ ಕೂದಲಿನ, ಅರ್ಧ ಕೊಳೆತ ಮುಖದ ಒಂದು ಪಿಶಾಚಿ ಕೈಯಲ್ಲಿ ಕೊಡಲಿ ಹಿಡಿದು ನಗುತ್ತ ನಿಂತಿತ್ತು. ಐರನ್ ಮೇಡನ್ ಎಂಬ ಇಂಗ್ಲಿಷ್ ತಂಡದ 1981ರ ಮುದ್ರಿಕೆ ಅದು. ಪಿಶಾಚಿಯ ಹೆಸರು ಎಡ್ಡಿ. ಅದನ್ನು ಬರೆದ ಚಿತ್ರಕಾರ ಡೆರೆಕ್ ರಿಗ್ಸ್. ಇದೆಲ್ಲ ಆಮೇಲೆ ತಿಳಿದದ್ದು. ನಾನು ಹತ್ತು ರೂಪಾಯಿ ಕೊಟ್ಟು ಕೊಂಡದ್ದು ಆ ಚಿತ್ರವನ್ನು. ಒಳಗೆ ಹಾಡು ಇದ್ದದ್ದು ಆಕಸ್ಮಿಕ.

ಆ ಚಿತ್ರ ನನ್ನನ್ನು ಏಕೆ ಹಿಡಿಯಿತೆಂದು ನೀವು ಊಹಿಸಬಲ್ಲಿರಿ. ಅದು ನಮ್ಮ ಬಣ್ಣದ ವೇಷವಲ್ಲದೆ ಮತ್ತೇನು? ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಚಿಟ್ಟಿ ಇಟ್ಟುಕೊಂಡು, ತೆರೆಯ ಹಿಂದೆ ಅಬ್ಬರಿಸಿ, ದೀವಟಿಗೆಗೆ ಎರಚಿದ ರಾಳದ ಪುಡಿ ಭಗ್ಗನೆ ಉರಿದಾಗ ರಂಗಕ್ಕೆ ಬರುವ ರಾಕ್ಷಸನನ್ನು ನೋಡಿ, ತಾಯಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡ ಮಕ್ಕಳೇ ಅಲ್ಲವೆ ನಾವು? ಮುಚ್ಚಿಕೊಂಡೂ ಬೆರಳ ಸಂದಿಯಿಂದ ನೋಡಿದವರು. ವೇಷ ಮೋಸವಲ್ಲ. ರಾಕ್ಷಸನು ನಿಜವಾದ ರಾಕ್ಷಸನೆಂದು ನಂಬಿಸುವುದಕ್ಕೆ ಯಾರೂ ಚಿಟ್ಟಿ ಇಡುವುದಿಲ್ಲ. ಬೆಳಗ್ಗೆ ಅದೇ ಮನುಷ್ಯ ಅದೇ ಊರಿನ ಹೋಟೆಲಿನಲ್ಲಿ ಚಹ ಕುಡಿಯುತ್ತಾನೆ. ವೇಷವು ಕರೆಯೋಲೆ, ಅದು ನಮ್ಮನ್ನು ಕರೆದು ಕೂರಿಸುತ್ತದೆ.

ಹಾಗಾಗಿ ಪಾಶ್ಚಾತ್ಯರ ವೇಷವನ್ನು ಕಂಡು ಕರಾವಳಿಯವರು ಹುಬ್ಬೇರಿಸುವಂತಿಲ್ಲ. ಅಮೇರಿಕದ ಕಿಸ್ ಎಂಬ ತಂಡದ ನಾಲ್ವರು 1973ರಿಂದ ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡಿದರು. 1983ರಲ್ಲಿ ಬಣ್ಣ ತೊಳೆದರು. 1996ರಲ್ಲಿ ಮತ್ತೆ ಬಳಿದರು. ಜನಕ್ಕೆ ಬೇಕಾದದ್ದು ಬಣ್ಣವೇ ಎಂದು ಅವರಿಗೆ ಅರ್ಥವಾಗಿತ್ತು. ಚರ್ಮದ ಅಂಗಿ, ಲೋಹದ ಮೊಳೆ ಹೊಡೆದ ಪಟ್ಟಿ, ಇದನ್ನು ಈ ಸಂಗೀತದ ಸಮವಸ್ತ್ರವನ್ನಾಗಿ ಮಾಡಿದ್ದು ಮುಖ್ಯವಾಗಿ ಜೂಡಸ್ ಪ್ರೀಸ್ಟ್ ತಂಡದ ಗಾಯಕ ರಾಬ್ ಹಾಲ್ಫರ್ಡ್. ಲೋಕದ ಹುಡುಗರೆಲ್ಲ ಅದನ್ನು ಗಂಡಸುತನದ ಗುರುತೆಂದು ತೊಟ್ಟು ಮೆರೆದರು. ತಾನು ಗಂಡಸರನ್ನು ಪ್ರೀತಿಸುವವನೆಂದು ಆತ 1998ರಲ್ಲಿ ಬಹಿರಂಗವಾಗಿ ಹೇಳಿದಾಗ ಎಷ್ಟೋ ಮಂದಿಗೆ ತಮ್ಮ ಅಂಗಿಯನ್ನೇ ಹೊಸದಾಗಿ ನೋಡಿಕೊಳ್ಳಬೇಕಾಯಿತು. ಅಂಗಿಯನ್ನು ಬಿಸಾಡಿದವರನ್ನು ನಾನು ಕಂಡಿಲ್ಲ.

ಈಗ ಸಂಗೀತಕ್ಕೆ ಬರೋಣ. ಈ ಸಭೆಯಲ್ಲಿ ಯಂತ್ರದ ಮುಂದೆ ನಿಲ್ಲುವವರಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ. ಇಬ್ಬರಿಗೂ ಇದರಲ್ಲಿ ಪಾಲಿದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಮ್ಮ ಅಹಮದಾಬಾದಿನಂತೆಯೇ ಕಾರ್ಖಾನೆಗಳ ಊರು. ಇಲ್ಲಿ ಬಟ್ಟೆ, ಅಲ್ಲಿ ಲೋಹ. ಅಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಗಿಟಾರು ಬಾರಿಸಿ ಬದುಕುವುದೆಂದು ಕೆಲಸ ಬಿಟ್ಟಿದ್ದ. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲವೆಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳುಹಿಸಿದಳು. ಆ ಮಧ್ಯಾಹ್ನ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ತೆಗೆದುಕೊಂಡಿತು. ಎಡಗೈಯಿಂದ ಮೀಟುವವನಾದ್ದರಿಂದ ತಂತಿ ಒತ್ತುವ ಕೈ ಅದೇ. ಆಗ ಕಾರ್ಖಾನೆಯ ಮೇಸ್ತ್ರಿ ಅವನಿಗೊಂದು ಧ್ವನಿಮುದ್ರಿಕೆ ತಂದು ಕೇಳಿಸಿದ. ಬಾರಿಸಿದವನು ಜಾಂಗೋ ರೈನಾರ್ಟ್. ಸುಟ್ಟ ಕೈಯ ಎರಡೇ ಬೆರಳುಗಳಲ್ಲಿ ಗಿಟಾರು ನುಡಿಸಿದವನು. ಅಯೋಮಿ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ, ನೋವಾಗದಿರಲೆಂದು ತೆಳ್ಳನೆಯ ತಂತಿ ಕಟ್ಟಿದ, ಆಮೇಲಾಮೇಲೆ ಶ್ರುತಿಯನ್ನೇ ಇಳಿಸಿ ತಂತಿಯನ್ನು ಸಡಿಲ ಮಾಡಿದ. ಹಾಗೆ ಇಳಿದ ಶ್ರುತಿಯ ಭಾರವಾದ ನಾದವೇ ಈ ಸಂಗೀತದ ಗುರುತಾಯಿತು. ಬ್ಲ್ಯಾಕ್ ಸ್ಯಾಬತ್ ಎಂಬ ಅವರ ತಂಡದ ಮೊದಲ ಮುದ್ರಿಕೆ 1970ರ ಫೆಬ್ರುವರಿಯಲ್ಲಿ ಬಂತು. ಕೊರಳಲ್ಲಿ ತೂಗುತ್ತಿದ್ದ ಅವರ ದೊಡ್ಡ ಶಿಲುಬೆಗಳನ್ನು ನೋಡಿ ಜನ ಮಾಟಮಂತ್ರವೆಂದರು. ಅವು ಗಾಯಕ ಆಸ್‌ಬೋರ್ನನ ತಂದೆ, ಹತಾರ ಮಾಡುವ ಕಾರ್ಮಿಕ, ಅಲ್ಯೂಮಿನಿಯಮ್ಮಿನಲ್ಲಿ ಮಾಡಿಕೊಟ್ಟವು!

ಲೆಕ್ಕದವರ ಪಾಲು ಎಲ್ಲಿ ಎಂದಿರಾ? ಆ ತಂಡದ ಬೇಸ್ ಗಿಟಾರಿನವನು ಗೀಜರ್ ಬಟ್ಲರ್. ಸಂಗೀತಕ್ಕೆ ಬರುವ ಮುಂಚೆ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದ ಹುಡುಗ. ಆಸ್‌ಬೋರ್ನ್ ಹಾಡಿ ಹೆಸರಾದ ಪದ್ಯಗಳಲ್ಲಿ ಹೆಚ್ಚಿನವನ್ನು ಬರೆದವನು ಈತ. ಬೇಸ್ ಗಿಟಾರೆಂದರೆ ನಾಲ್ಕು ದಪ್ಪ ತಂತಿಗಳ ಮಂದ್ರದ ವಾದ್ಯ. ಅದು ಇದ್ದಾಗ ಕಿವಿಗೆ ಬೀಳುವುದಿಲ್ಲ. ತೆಗೆದರೆ ಹಾಡು ಕುಸಿಯುತ್ತದೆ. ಆಯವ್ಯಯದ ಪುಸ್ತಕದಂತೆ.

ಇಷ್ಟು ತಿಳಿದವನಾದ ನಾನು ಎಂಥ ರಸಿಕನಾಗಿದ್ದೆನೆಂದು ಈಗ ಹೇಳಬೇಕು. ರಸಿಕನಲ್ಲ, ಜಂಬಗಾರ. ಯಾವ ತಂಡ ನಿಜವಾದುದು, ಯಾವುದು ಸೋಗಿನದು ಎಂದು ತೀರ್ಪು ಕೊಡುವುದೇ ನನ್ನ ಅಭಿರುಚಿಯಾಗಿತ್ತು. ಕಿಸ್ ತಂಡ ಬರಿಯ ಬಣ್ಣ ಎಂದು ಹಳಿದೆ. ನಾನೇ ಬಣ್ಣ ನೋಡಿ ಕೊಂಡವನೆಂಬುದನ್ನು ಮರೆತೆ. ನಮ್ಮ ದೇಶದ ತಂಡಗಳನ್ನಂತೂ ಕೇಳುವ ಮೊದಲೇ ತಿರಸ್ಕರಿಸುತ್ತಿದ್ದೆ. ಬೆಂಗಳೂರಿನಲ್ಲಿ ಕ್ರಿಪ್ಟೋಸ್ ಎಂಬ ತಂಡ 1998ರಲ್ಲೇ ಹುಟ್ಟಿತ್ತು; ಮುಂದೆ 2013ರಲ್ಲಿ ಅದು ಜರ್ಮನಿಯ ವಾಕೆನ್ ಉತ್ಸವದಲ್ಲೂ ನುಡಿಸಿತು. ಅವರ ಚಿತ್ರವನ್ನು ಯಾರೋ ತೋರಿಸಿದಾಗ ನಾನು ಹೇಳಿದ ಮಾತು ಇನ್ನೂ ನೆನಪಿದೆ: "ಇವರು ನಮ್ಮ ಹಾಗೆಯೇ ಕಾಣುತ್ತಾರಲ್ಲ!" ಇದನ್ನು ದೋಷವೆಂದು ಹೇಳಿದೆ. ನೋಡಿ, ಪರಸ್ಥಳದಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ ತನ್ನ ಹಾಗೆ ಕಾಣುವವನ ಮೇಲೆ ಎಷ್ಟು ತಾತ್ಸಾರ!

2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ರಜೆ ಹಾಕಿ, ಸಾಲ ಮಾಡಿ, ರೈಲು ಹತ್ತಿ ಹೋದೆ. ಅಂದು ಮೊದಲು ನುಡಿಸಿದವರಲ್ಲಿ ದೆಹಲಿಯ ಪರಿಕ್ರಮ ಎಂಬ ತಂಡವೂ ಇತ್ತು. 1991ರಿಂದ ನುಡಿಸುತ್ತ ಬಂದವರು. ಅವರಲ್ಲಿ ಪಿಟೀಲಿನವನೂ ಒಬ್ಬ. ಅವರು ನುಡಿಸುವಾಗ ನಾನು ಎಲ್ಲಿದ್ದೆ? ಪಿಶಾಚಿಯ ಚಿತ್ರವುಳ್ಳ ಅಂಗಿ ಕೊಳ್ಳುವ ಸಾಲಿನಲ್ಲಿ ಬೆನ್ನು ಹಾಕಿ ನಿಂತಿದ್ದೆ. "ಇವರದು ಬೇಗ ಮುಗಿಯಲಿ" ಎಂದು ಪಕ್ಕದವನಿಗೆ ಹೇಳಿದ್ದೂ ಉಂಟು. ಅದೇ ವರ್ಷ ಜೂನಿನಲ್ಲಿ ಅದೇ ಪರಿಕ್ರಮ ತಂಡ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿತು. ಅಲ್ಲಿ ಅವರನ್ನು ಕೇಳಲು ಇಂಗ್ಲಿಷರು ಹಣ ಕೊಟ್ಟು ಬಂದಿದ್ದರು. ನಾನು ಹಣ ಕೊಟ್ಟೂ ಕೇಳದೆ ಬಂದಿದ್ದೆ.

ನಮ್ಮೂರಿನಲ್ಲಿ ಇದಕ್ಕೊಂದು ಹೋಲಿಕೆ ಇದೆ. ರಾತ್ರಿಯ ಆಟದಲ್ಲಿ ಮೊದಲು ಕೋಡಂಗಿ, ಬಾಲಗೋಪಾಲರ ವೇಷ. ಆಗ ರಂಗದ ಮುಂದೆ ಮಕ್ಕಳು, ನಾಯಿಗಳು. ದೊಡ್ಡವರು ಊಟ ಮುಗಿಸಿ, ಎಲೆಯಡಿಕೆ ಹಾಕಿ, ಪ್ರಸಂಗ ಏರುವ ಹೊತ್ತಿಗೆ ಬರುತ್ತಾರೆ. ಆದರೆ ಆ ಕೋಡಂಗಿಗೂ ಮದ್ದಳೆ ಬೇಕು. ಎಲ್ಲರೂ ಬರುವ ಮುಂಚೆ ಕುಳಿತು, ಎಲ್ಲರೂ ಎದ್ದ ಮೇಲೆ ಏಳುವವನು ಮದ್ದಳೆಯವನು. ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನನ್ನ ತಂದೆ ಒಂದು ಮೇಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ತಿರುಗಾಟ ಮದ್ದಳೆ ಬಾರಿಸಿದವರು.

ಅವರ ಆಟಕ್ಕೆ ನಾನು ಬಾಲ್ಯದಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಅವರನ್ನು ನೋಡಲು ಹೋದದ್ದು ಒಂದು ಸಲವೂ ಇಲ್ಲ. ವೇಷ ನೋಡಲು ಹೋದೆ. ಮನೆಯಲ್ಲಿದ್ದ ಕರಪತ್ರಗಳಲ್ಲಿ ಭಾಗವತರ ಹೆಸರು ದೊಡ್ಡದಾಗಿ, ವೇಷಧಾರಿಗಳ ಹೆಸರು ಸಾಲಾಗಿ. ಕೊನೆಯಲ್ಲಿ "ಮತ್ತು ನುರಿತ ಹಿಮ್ಮೇಳ" ಎಂದು. ಆ "ಮತ್ತು" ಎಂಬುದೇ ನನ್ನ ತಂದೆ.

2008ರ ಚಳಿಗಾಲದಲ್ಲಿ ಅವರು ಮೇಳ ಬಿಟ್ಟು ಎರಡು ತಿಂಗಳು ಇಲ್ಲಿ ನನ್ನ ಕೋಣೆಯಲ್ಲಿ ಇದ್ದರು. ರಾತ್ರಿ ನಾನು ಕಿವಿಗೆ ಯಂತ್ರ ಹಾಕಿಕೊಂಡು ಕೇಳುವುದನ್ನು ನೋಡಿ, "ಕೊಡು, ಏನು ಕೇಳುತ್ತಿ" ಎಂದರು. ಬೈಸಿಕೊಳ್ಳಲು ಸಿದ್ಧನಾಗಿ ಕೊಟ್ಟೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವರ ಬೆರಳು ಸ್ಟೀಲಿನ ಲೋಟದ ಮೇಲೆ ನಡೆಯಿತು: ತಾ ಕಿಟ, ತಾ ಕಿಟ, ತಾ ಕಿಟ. ಐರನ್ ಮೇಡನ್ನಿನ ಹಾಡುಗಳಲ್ಲಿ ಕುದುರೆಯ ನಾಗಾಲೋಟದಂತಹ ಒಂದು ನಡೆ ಇದೆ. ಹತ್ತು ವರ್ಷ ಕೇಳಿದ್ದರೂ ಅದು ಎಲ್ಲಿಂದ ಬರುತ್ತದೆಂದು ನಾನು ವಿಚಾರಿಸಿರಲಿಲ್ಲ. "ಹಾಡುವವನು ಇರಲಿ, ಈ ದಪ್ಪ ತಂತಿಯವನು ಯಾರು? ಓಡಿಸುವವನು ಇವನು" ಎಂದರು. ಹೇಳಿದೆ: ಅವನ ಹೆಸರು ಸ್ಟೀವ್ ಹ್ಯಾರಿಸ್, ಮೊದಲು ಕಟ್ಟಡಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದ, ತಂಡವನ್ನು 1975ರಲ್ಲಿ ಕಟ್ಟಿದವನೂ ಹಾಡುಗಳಲ್ಲಿ ಹೆಚ್ಚಿನವನ್ನು ರಚಿಸಿದವನೂ ಅವನೇ, ರಂಗದ ಅಂಚಿಗೆ ಬಂದು ಕಾಲೆತ್ತಿ ಇಟ್ಟು ಬಾರಿಸುತ್ತಾನೆ. ತಂದೆ ನಕ್ಕರು. "ಹಿಮ್ಮೇಳದವನೇ ಯಜಮಾನನೋ? ಒಳ್ಳೆಯ ಮೇಳ, ಸೇರಬಹುದು" ಎಂದರು.

ಅಂದಿನಿಂದ ನನ್ನ ಕಿವಿ ಮುಂದಿನವನಿಂದ ಹಿಂದಿನವನ ಕಡೆಗೆ ಸರಿಯಿತು. ಸರಿದು ನೋಡಿದರೆ ಅಲ್ಲಿಯೂ ಇಲ್ಲಿಯದೇ ಕಥೆ. ಆಸ್‌ಬೋರ್ನ್ ತನ್ನ ತಂಡದಿಂದ ಹೊರಬಿದ್ದ ಮೇಲೆ ಮಾಡಿದ ಎರಡನೆಯ ಮುದ್ರಿಕೆ 1981ರಲ್ಲಿ ಬಂತು. ಅದರಲ್ಲಿ ಬೇಸ್ ಬಾರಿಸಿದವನು ಬಾಬ್ ಡೇಸ್ಲಿ, ಡ್ರಮ್ಮು ಲೀ ಕರ್ಸ್ಲೇಕ್. ಹಾಡುಗಳ ರಚನೆಯಲ್ಲೂ ಇವರ ಕೈ ಇತ್ತು. ಮುದ್ರಿಕೆ ಅಂಗಡಿಗೆ ಬರುವಷ್ಟರಲ್ಲಿ ಇಬ್ಬರೂ ಕೆಲಸ ಕಳೆದುಕೊಂಡಿದ್ದರು. ಕವಚದ ಮೇಲೆ ಅಚ್ಚಾದದ್ದು ಅವರ ಜಾಗಕ್ಕೆ ಬಂದ ಬೇರೆ ಇಬ್ಬರ ಹೆಸರು ಮತ್ತು ಮುಖ. ಆ ಇಬ್ಬರೂ ಒಳ್ಳೆಯ ವಾದಕರೇ, ಆದರೆ ಆ ಮುದ್ರಿಕೆಯಲ್ಲಿ ಒಂದು ಪೆಟ್ಟನ್ನೂ ಬಾರಿಸಿದವರಲ್ಲ. ಹಣಕ್ಕಾಗಿ ನ್ಯಾಯಾಲಯದ ವ್ಯಾಜ್ಯ ನಡೆಯಿತು. 2002ರಲ್ಲಿ ಮರುಮುದ್ರಣವಾದಾಗ ಹೆಸರು ಹೋಗಲಿ, ಅವರು ಬಾರಿಸಿದ್ದನ್ನೇ ಅಳಿಸಿ ಬೇರೆಯವರಿಂದ ಬಾರಿಸಿ ಸೇರಿಸಿದರು. ಇಪ್ಪತ್ತು ವರ್ಷ ಕೇಳಿ ಒಗ್ಗಿದ ಜನ ಕೂಗೆಬ್ಬಿಸಿದರು. 2011ರ ಮುದ್ರಣದಲ್ಲಿ ಹಳೆಯ ನುಡಿಸಾಣಿಕೆ ಹಿಂದಿರುಗಿತು. ಕರ್ಸ್ಲೇಕನಿಗೆ ಕ್ಯಾನ್ಸರ್ ಆಗಿ ಕಡೆಗಾಲ ಸಮೀಪಿಸಿದಾಗ ಅವನು ಕೇಳಿದ್ದು ಒಂದೇ: ಆ ಎರಡು ಮುದ್ರಿಕೆಗಳು ಅಷ್ಟೊಂದು ಮಾರಾಟವಾದದ್ದಕ್ಕೆ ಕೊಡುವ ಪ್ಲಾಟಿನಮ್ ಫಲಕ, ಗೋಡೆಗೆ ತೂಗುಹಾಕಲು. ಆಸ್‌ಬೋರ್ನ್ ಕಳುಹಿಸಿಕೊಟ್ಟ. 2020ರಲ್ಲಿ ಕರ್ಸ್ಲೇಕ್ ತೀರಿಕೊಂಡ. ಆಸ್‌ಬೋರ್ನ್ 2025ರ ಜುಲೈಯಲ್ಲಿ ಹೋದ.

ಇನ್ನೊಂದು ಬಗೆಯೂ ಉಂಟು. ಮೆಟಾಲಿಕಾ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ಸು ಮಗುಚಿ ಸತ್ತ. ಅವನ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ 1988ರ ಮುದ್ರಿಕೆಯಲ್ಲಿ ಬಾರಿಸಿದ. ಹೆಸರೂ ಅಚ್ಚಾಯಿತು, ಚಿತ್ರವೂ ಅಚ್ಚಾಯಿತು. ಆದರೆ ಅವನ ವಾದ್ಯದ ಧ್ವನಿಯನ್ನು ಎಷ್ಟು ಇಳಿಸಿದ್ದಾರೆಂದರೆ ಕಿವಿಗೊಟ್ಟರೂ ಕೇಳಿಸದು. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಕುರ್ಚಿ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವೇಷವೇ ಹಿಮ್ಮೇಳವನ್ನು ನುಂಗಿದ ಪ್ರಸಂಗ ಸ್ವೀಡನ್ನಿನ ಘೋಸ್ಟ್ ತಂಡದ್ದು. ಗಾಯಕ ಪೋಪನಂತೆ ಉಡುಪು ತೊಡುತ್ತಾನೆ. ವಾದಕರೆಲ್ಲ ಒಂದೇ ಬಗೆಯ ಮುಖವಾಡದವರು. ಅವರಿಗೆ ಹೆಸರೇ ಇಲ್ಲ, "ಹೆಸರಿಲ್ಲದ ಪಿಶಾಚಿಗಳು" ಎಂದೇ ಕರೆಯುವುದು. ನೋಡಲು ಬಹು ಸೊಗಸು. 2017ರಲ್ಲಿ ಹಿಂದಿನ ನಾಲ್ಕು ಪಿಶಾಚಿಗಳು ತಮ್ಮ ಪಾಲು ಕೇಳಿ ನ್ಯಾಯಾಲಯಕ್ಕೆ ಹೋದರು. ಆಗಲೇ ಗಾಯಕನ ನಿಜನಾಮ ಟೋಬಿಯಾಸ್ ಫೋರ್ಜ್ ಎಂದು ಲೋಕಕ್ಕೆ ಅಧಿಕೃತವಾಗಿ ತಿಳಿದದ್ದು. 2018ರಲ್ಲಿ ತೀರ್ಪು ಫೋರ್ಜನ ಪರವಾಗಿ ಆಯಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು; ಹಾಡು ಅವನದು, ಕಲ್ಪನೆ ಅವನದು. ಆದರೂ ಮುಖವಾಡ ಹಾಕಿಸಿದವನಿಗೆ ಮುಖ ಬದಲಾಯಿಸುವುದು ಎಷ್ಟು ಸುಲಭವೆಂಬುದನ್ನು ನಾನು ಆಗ ಕಂಡೆ. ಘೋಸ್ಟ್ ನನಗೆ ಈಗಲೂ ಪ್ರಿಯವೇ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಕೇಳುತ್ತೇನೆ.

ಹಿಮ್ಮೇಳಕ್ಕೆ ಮಾನ ಸಿಕ್ಕಿದ್ದೂ ಉಂಟು, ಅದೂ ನಮ್ಮಲ್ಲೇ. ಪಿಟೀಲು ಚೌಡಯ್ಯನವರು ಗಾಯಕರ ಪಕ್ಕದಲ್ಲಿ ಕುಳಿತೇ ಹೆಸರಾದವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯ ಹಿಂದಿನ ಸಾಲಿಗೂ ಪಿಟೀಲು ಮುಟ್ಟಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿದರು. ಶಬ್ದ ಜೋರಾಗಬೇಕೆಂಬ ಹಟ ಮೆಟಲ್‌ನವರದು ಮಾತ್ರವಲ್ಲ ಎಂದು ಯಾರಾದರೂ ಕೇಳಿದಾಗ ನಾನು ಇದನ್ನೇ ಹೇಳುವುದು. 1957ರಲ್ಲಿ ಮದರಾಸಿನ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಬೆಂಗಳೂರಿನಲ್ಲಿ ಅವರ ವಾದ್ಯದ ಆಕಾರದಲ್ಲೇ ಒಂದು ಸಭಾಭವನ ನಿಂತಿದೆ. ನಮ್ಮ ಮದ್ದಳೆಯಲ್ಲಿ ಹಿರಿಯಡಕ ಗೋಪಾಲರಾಯರು ಏರುಶ್ರುತಿಯ ಮದ್ದಳೆಯನ್ನು ಬಳಕೆಗೆ ತಂದು, ನೂರು ದಾಟಿ ಬಾಳಿ, 2020ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರ ಚಿತ್ರ ಹಾಕಿ ಬರೆದುವು. ಇಂಥವರು ಬೆರಳೆಣಿಕೆ. ಇಲ್ಲಿ ನವರಾತ್ರಿಯಲ್ಲಿ ಒಂಬತ್ತು ರಾತ್ರಿ ನಾವೆಲ್ಲ ಗರಬಾ ಮೈದಾನಕ್ಕೆ ಹೋಗುತ್ತೇವೆ. ಫಾಲ್ಗುಣಿ ಪಾಠಕ್ ಶರಟು ಷರಾಯಿ ತೊಟ್ಟು ಹಾಡುವುದನ್ನು ಊರೆಲ್ಲ ಮಾತನಾಡುತ್ತದೆ. ಡೋಲು ಬಾರಿಸಿ ಲಕ್ಷ ಕಾಲುಗಳನ್ನು ಎತ್ತಿಸಿದವನ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತೆ? ನನಗೂ ಗೊತ್ತಿಲ್ಲ. ಈ ಸಲ ಕೇಳಿಕೊಂಡು ಬರಬೇಕೆಂದಿದ್ದೇನೆ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿಗೆ ಬಂದಾಗ ಮತ್ತೆ ಹೋದೆ. ಈ ಬಾರಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ. ಅಂದು ಮುಂಚಿತವಾಗಿ ನುಡಿಸಿದವರಲ್ಲಿ ಬೆಂಗಳೂರಿನದೇ ಆದ ಇನ್ನರ್ ಸ್ಯಾಂಕ್ಟಮ್ ತಂಡವಿತ್ತು. ವೇಷವಿಲ್ಲ, ನಮ್ಮ ನಿಮ್ಮಂತಹ ಹುಡುಗರು. ಎದುರಿಗೆ ಅವರಿಗಾಗಿ ಬಂದಿರದ ಸಾವಿರಾರು ಜನ. ನಾನು ಮುಖ ಮಾಡಿ ನಿಂತು, ಮೊದಲ ಪೆಟ್ಟಿನಿಂದ ಕೊನೆಯ ಪೆಟ್ಟಿನವರೆಗೆ ಕೇಳಿದೆ. ಡ್ರಮ್ಮಿನವನ ಎರಡು ಕಾಲುಗಳೂ ಕೆಲಸ ಮಾಡುತ್ತಿದ್ದುವು. ಊರಿಗೆ ಫೋನು ಮಾಡಿ ತಂದೆಗೆ ಅದನ್ನು ಹೇಳಿದೆ. "ಕಾಲಿನಲ್ಲೂ ಬಾರಿಸುತ್ತಾರೆಯೇ? ಸಂಬಳ ಎಷ್ಟಂತೆ?" ಎಂದು ಕೇಳಿದರು.

ಅವರು ಹೋಗಿ ಒಂಬತ್ತು ವರ್ಷವಾಯಿತು. ಉತ್ತರಕ್ರಿಯೆಗೆ ಹೋದಾಗ ಮೇಳದ ಹಳಬರೊಬ್ಬರು ಒಂದು ಕ್ಯಾಸೆಟ್ಟು ಕೊಟ್ಟರು. ಇಡೀ ರಾತ್ರಿಯ ಆಟವನ್ನು ಯಾರೋ ಹಿಡಿದದ್ದು. ಚೀಟಿಯ ಮೇಲೆ ಪ್ರಸಂಗದ ಹೆಸರು, ಭಾಗವತರ ಹೆಸರು, ಮುಖ್ಯ ವೇಷ ಎರಡು. ಬಾರಿಸಿದವರು ತಂದೆಯೇ ಎಂದು ಹೇಳುವುದು ಹೇಗೆ? ಇಲ್ಲಿಗೆ ಬಂದು ಮೂರು ರಾತ್ರಿ ಕೇಳಿದೆ. ಮೂರನೆಯ ರಾತ್ರಿ, ಒಂದು ಪದ್ಯ ಮುಗಿದು ಮಾತು ಶುರುವಾಗುವ ನಡುವೆ, ಮದ್ದಳೆಯ ಹತ್ತಿರವಿದ್ದ ಮೈಕಿನಲ್ಲಿ ಚೆಂಡೆಯವನಿಗೆ ಮೆಲ್ಲಗೆ ಹೇಳಿದ ಮಾತೊಂದು ಸಿಕ್ಕಿತು: "ಹ್ಞಾಂ, ಇನ್ನು ನೀ ಬಿಡು." ಅದು ಅವರ ಧ್ವನಿ. ಎದ್ದು ದೀಪ ಹಾಕಿ, ಚೀಟಿಯಲ್ಲಿ ಉಳಿದಿದ್ದ ಜಾಗದಲ್ಲಿ ಅವರ ಹೆಸರನ್ನು ಬರೆದೆ. ಚೆಂಡೆಯವರ ಹೆಸರನ್ನು ಊರಿಗೆ ಕೇಳಿ ತರಿಸಿ ಅದನ್ನೂ ಬರೆದೆ.

ನನ್ನ ಮಾತು ಮುಗಿಯಿತು. ಆಸ್‌ಬೋರ್ನನ ಆ ಹಾಡಿನ ಎರಡು ಮುದ್ರಣಗಳನ್ನೂ ತಂದಿದ್ದೇನೆ, ಕರ್ಸ್ಲೇಕ್ ಬಾರಿಸಿದ್ದು ಒಂದು, ಅವನನ್ನು ಅಳಿಸಿ ಬಾರಿಸಿದ್ದು ಇನ್ನೊಂದು. ಯಾವುದು ಯಾವುದೆಂದು ಮೊದಲೇ ಹೇಳುವುದಿಲ್ಲ. ಇದು ವಾಚನಾಲಯವಾದ್ದರಿಂದ ಧ್ವನಿ ಕಡಿಮೆ ಇರಬೇಕೆಂದು ಗ್ರಂಥಪಾಲಕರ ಅಪ್ಪಣೆಯಾಗಿದೆ. ಆದಕಾರಣ ಹಿಂದಿನ ಸಾಲಿನವರು ದಯಮಾಡಿ ಕುರ್ಚಿ ಎಳೆದುಕೊಂಡು ಮುಂದಕ್ಕೆ ಬರಬೇಕು.